ಅಲ್ಮಾರಿಯಲ್ಲಿ ಜಾಗ ಇಲ್ಲ: ಹೊಸ ಪಠ್ಯಕ್ರಮ ಬರೆಯುವವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಮತ್ತು ರಾಜ್ಯ ಶಿಕ್ಷಣ ನೀತಿಯ ವರದಿಯನ್ನು ಮುಂದಿಟ್ಟುಕೊಂಡು ಇನ್ನು ಪಠ್ಯಕ್ರಮ ಬರೆಯಲು ಕೂರುವ ಎಲ್ಲ ಹಿರಿಯರಿಗೆ,

ಕಲಬುರಗಿ ಜಿಲ್ಲೆಯ ಕಾಗಿಣಾ ದಂಡೆಯ ಕಡೆಯಿಂದ ಒಬ್ಬ ನಿವೃತ್ತ ಮುಖ್ಯಗುರುವಿನ ನಮಸ್ಕಾರಗಳು.

ಹೋದ ಡಿಸೆಂಬರ್ 31ಕ್ಕೆ ನನ್ನ ಸರ್ವಿಸು ಮುಗಿಯಿತು. ಸೇರಿದ್ದು 1994ರಲ್ಲಿ. ಶಾಲು, ಹಾರ, ಫೋಟೊ, ಉಪ್ಪಿಟ್ಟು ಎಲ್ಲ ಆದ ಮೇಲೆ ಚಾರ್ಜ್ ಕೊಡುವ ಕೆಲಸ ಉಳಿದಿತ್ತು. ನಮ್ಮ ಸಹಶಿಕ್ಷಕಿ ದಾಸ್ತಾನು ಪುಸ್ತಕ ಹಿಡಿದು ಕುರ್ಚಿ ಎಷ್ಟು, ಬೆಂಚು ಎಷ್ಟು, ಬಿಸಿಯೂಟದ ಪಾತ್ರೆ ಎಷ್ಟು ಎಂದು ಟಿಕ್ ಹಾಕುತ್ತ ಬಂದರು. ಕೊನೆಗೆ ಆಫೀಸ್ ಕೋಣೆಯ ಕಬ್ಬಿಣದ ಅಲ್ಮಾರಿ ತೆಗೆದರು. ತೆಗೆದವರು ಹಾಗೇ ನಿಂತರು.

"ಸರ್, ಇದರಾಗಿಂದು ಹ್ಯಾಂಗ್ ಬರಿಲ್ರಿ?"

ನಮ್ಮ ಕಡೆ ಕಲ್ಲಿನ ಗಣಿ ನೋಡಿದವರಿಗೆ ಗೊತ್ತು, ಶಹಾಬಾದ್ ಕಲ್ಲು ಹಾಸುಹಾಸಾಗಿ ಏಳುತ್ತದೆ. ಒಂದು ಪದರು ಎಬ್ಬಿಸಿದರೆ ಕೆಳಗೆ ಇನ್ನೊಂದು. ಅಲ್ಮಾರಿಯೂ ಹಾಗೇ ಇತ್ತು, ಇಲಾಖೆ ಒಂದರ ಮೇಲೊಂದು ಕಳಿಸಿದ ಕಾರ್ಯಕ್ರಮಗಳ ಪದರು. ಎಲ್ಲಕ್ಕಿಂತ ಮೇಲೆ ಈ ವರ್ಷದ ಪಾಠ ಆಧಾರಿತ ಮೌಲ್ಯಾಂಕನದ ಪ್ರಶ್ನೆಗಳ ಝೆರಾಕ್ಸ್ ಕಟ್ಟು. ಅದರ ಕೆಳಗೆ ಮರುಸಿಂಚನ. ಅದರ ಕೆಳಗೆ 2022-23ರ ಕಲಿಕಾ ಚೇತರಿಕೆಯ ಹಾಳೆಗಳು, ಅರ್ಧ ತುಂಬಿದವು, ಅರ್ಧ ಖಾಲಿ. ವಿದ್ಯಾಪ್ರವೇಶದ ಕೈಪಿಡಿ. ಕೊರೊನಾ ಕಾಲದ ವಿದ್ಯಾಗಮದ ಹಾಜರಿ. ಗುರುಚೇತನದ ತರಬೇತಿ ಪುಸ್ತಕಗಳು. ಓದು ಕರ್ನಾಟಕದ ಕಿಟ್ಟು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ದಪ್ಪ ದಪ್ಪ ದಾಖಲೆ. ಅದರ ಕೆಳಗೆ ನಲಿಕಲಿ ಕಾರ್ಡು, ಇಲಿ ತಿಂದು ಉಳಿದಷ್ಟು. ಎಲ್ಲಕ್ಕಿಂತ ತಳದಲ್ಲಿ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಕಾಲದ ಚೈತನ್ಯ ತರಬೇತಿಯ ಪುಸ್ತಕ, ನನ್ನ ಕೈಬರಹದ ಟಿಪ್ಪಣಿ ಸಮೇತ. ನಡುವೆ ಎರಡು ಕಟ್ಟಿಗೆ ಪ್ಲಾಸ್ಟಿಕ್ ಕವರು ಹಾಗೇ ಇತ್ತು. ಬಿಚ್ಚಿಯೇ ಇರಲಿಲ್ಲ.

ನೆಲದ ಮೇಲೆ ಹರವಿಕೊಂಡು ಕೂತಾಗ ಹೊಳೆದದ್ದು ಇಷ್ಟು. ಇವುಗಳಲ್ಲಿ ಪ್ರತಿಯೊಂದಕ್ಕೂ 'ಕೂಡಲೇ ಅನುಷ್ಠಾನಕ್ಕೆ ತರತಕ್ಕದ್ದು' ಎಂಬ ಸುತ್ತೋಲೆ ನನ್ನ ಕಡತದಲ್ಲಿದೆ. 'ಇದು ಇಲ್ಲಿಗೆ ಮುಗಿಯಿತು, ಇದರಿಂದ ಇಂತಿಂಥದ್ದು ಕಲಿತೆವು' ಎಂಬ ಸುತ್ತೋಲೆ ಒಂದೂ ಇಲ್ಲ. ಮೂವತ್ತೊಂದು ವರ್ಷದಲ್ಲಿ ನನಗೆ ಬಂದಿಲ್ಲ. ಯಾವ ಕಾರ್ಯಕ್ರಮವೂ ನಮ್ಮಲ್ಲಿ ಮುಗಿಯುವುದಿಲ್ಲ. ಮೇಲೆ ಹೊಸದು ಬಿದ್ದಾಗ ಹಳೆಯದು ಮುಚ್ಚಿಹೋಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಸರ್ಕಾರದ್ದೆಲ್ಲ ದಂಡ ಎಂದು ಕಟ್ಟೆಯ ಮೇಲೆ ಕೂತು ಮಾತಾಡುವವರ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ನಲಿಕಲಿಯ ಕಥೆಯನ್ನೇ ಹೇಳುತ್ತೇನೆ, ಯಾಕೆಂದರೆ ನಾನು ಮನಸ್ಸಿಟ್ಟು ಮಾಡಿದ್ದು ಅದನ್ನೇ.

ನಲಿಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ನೆರವಿತ್ತು, ರಿಷಿವ್ಯಾಲಿಯ ಮಾದರಿ ಕಣ್ಣ ಮುಂದಿತ್ತು. ಆದರೆ ಕಾರ್ಡು ಬರೆದವರು ಅಲ್ಲಿನ ಶಾಲಾ ಶಿಕ್ಷಕರು. ತಾವೇ ಕೂತು ಬರೆದರು, ಮಕ್ಕಳ ಮುಂದಿಟ್ಟು ನೋಡಿದರು, ಒಪ್ಪದ್ದನ್ನು ತಿದ್ದಿದರು. ನಮ್ಮ ಶಾಲೆಗೆ ಅದು ಬಂದದ್ದು ರಾಜ್ಯದ ತುಂಬ ಹರಡಿದಾಗ, 2009-10ರಲ್ಲಿ. ನಮಗೆ ಬಂದದ್ದು ಪೆಟ್ಟಿಗೆ. ಅವರು ಕೂತು ತಿದ್ದಿದ ಆ ವರ್ಷಗಳು ಪೆಟ್ಟಿಗೆಯೊಳಗೆ ಹಿಡಿಸಿರಲಿಲ್ಲ.

ಆದರೂ ಪೆಟ್ಟಿಗೆ ಬಿಚ್ಚಿದೆವು. ಅಕ್ಷರದ ಕ್ರಮ ಅ ಆ ಇ ಈ ಅಲ್ಲ, ರ ಗ ಸ ದ ಅ. ಊರಿನ ಹಿರಿಯರೊಬ್ಬರು ಶಾಲೆಗೇ ಬಂದು ಜಗಳ ತೆಗೆದರು: "ಏನ್ ಮಾಸ್ತರ, ಅ ಆ ಇ ಈ ಬಿಟ್ಟು ಇದೇನ್ ರಗಸದಅ ಅಂತ ಹಚ್ಚೀರಿ? ನಮ್ಮಪ್ಪನ ಕಾಲದಾಗ ಇಂಥಾದ್ದು ಇದ್ದಿಲ್ಲ." ಅವರನ್ನು ಕೂರಿಸಿಕೊಂಡು ತೋರಿಸಿದೆ. ಐವತ್ತು ಅಕ್ಷರ ಬಾಯಿಪಾಠ ಮಾಡಿದ ಮೇಲೆ ಶಬ್ದ ಓದುವುದಕ್ಕಿಂತ, ಐದೇ ಅಕ್ಷರ ಕಲಿತು ಸರ, ರಸ, ಅರಸ, ಗರಗಸ, ದಸರ ಓದಿದರೆ ಮಗುವಿಗೆ ಓದಿನ ರುಚಿ ಹತ್ತುತ್ತದೆ. ಎರಡು ವರ್ಷ ಒಂದನೇ ತರಗತಿಯಲ್ಲೇ ಕೂತಿದ್ದ ಒಬ್ಬ ಹುಡುಗ 'ಸರಸರ' ಎಂದು ಓದಿ ತಾನೇ ನಕ್ಕ. ಅವತ್ತು ನಾನೂ ನಂಬಿದೆ.

ಆಮೇಲೆ ಏನಾಯಿತು ಹೇಳುತ್ತೇನೆ. ಒಂದು ಕೋಣೆಯಲ್ಲಿ ಒಂದು, ಎರಡು, ಮೂರು, ಮೂರೂ ತರಗತಿ. ಮಕ್ಕಳು 'ತಟ್ಟೆ' ಎಂದು ಕರೆಯುವ ಐದು ಗುಂಪಾಗಿ ಕೂರಬೇಕು. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಸಹಾಯ, ಕೊನೆಯದಕ್ಕೆ ಸ್ವಂತ ಕಲಿಕೆ. ಪ್ರತಿ ಮಗುವೂ ತನ್ನ ವೇಗಕ್ಕೆ ತಕ್ಕಂತೆ ಕಲಿಕಾ ಏಣಿ ಹತ್ತಬೇಕು. ಇದಕ್ಕೆ ಕಾರ್ಡು ಪೂರ್ತಿ ಇರಬೇಕು, ಶಿಕ್ಷಕರು ಕೋಣೆ ಬಿಟ್ಟು ಏಳಬಾರದು. ನಮ್ಮಲ್ಲಿ ಮಳೆಗಾಲದಲ್ಲಿ ತಗಡಿನ ಮಾಡು ಸೋರಿ ಒಂದಿಷ್ಟು ಕಾರ್ಡು ಹಾಳಾದವು, ಒಂದಿಷ್ಟನ್ನು ಮಕ್ಕಳು ಪ್ರೀತಿಯಿಂದಲೇ ಮನೆಗೆ ಒಯ್ದರು. ನಡುವಿನ ಕಾರ್ಡು ಹೋದರೆ ಏಣಿಯ ಮೆಟ್ಟಿಲು ಹೋದಂತೆ, ಮಗು ಅಲ್ಲಿಗೇ ನಿಲ್ಲುತ್ತದೆ. ಹೊಸ ಕಾರ್ಡು ಕೇಳಿದರೆ ಬರುವ ವರ್ಷ ಎಂದರು. ಬರುವ ವರ್ಷ ಬೇರೆ ಕಾರ್ಯಕ್ರಮ ಬಂತು.

ಒಂದು ಕಾರ್ಡಿನಲ್ಲಿ ಈರುಳ್ಳಿಯ ಚಿತ್ರವಿತ್ತು, ಕೆಳಗೆ 'ಈರುಳ್ಳಿ' ಎಂದು ಬರೆದಿತ್ತು. ನಮ್ಮ ಮಕ್ಕಳಿಗೆ ಅದು ಉಳ್ಳಾಗಡ್ಡಿ. ಚಿತ್ರ ನೋಡಿ ಉಳ್ಳಾಗಡ್ಡಿ ಎನ್ನುತ್ತಾರೆ, ಅಕ್ಷರ ನೋಡಿ ತೊಡರುತ್ತಾರೆ. ನಾನು ಪೆನ್ಸಿಲಿನಿಂದ ಕೆಳಗೆ 'ಉಳ್ಳಾಗಡ್ಡಿ' ಎಂದು ಬರೆದೆ. ಹಾಗೇ ಕಡಲೆಕಾಯಿ ಕೆಳಗೆ 'ಶೇಂಗಾ'. ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಮಕ್ಕಳ ಚಿತ್ರ ತೂಗುಹಾಕುವುದಕ್ಕೆ ಕಲಿಕಾ ಚಪ್ಪರ ಎಂದು ಹೆಸರು. ನಮ್ಮ ಮಕ್ಕಳು ಮದುವೆಯಲ್ಲಿ ನೋಡಿದ್ದು ಹಂದರ, ಅದಕ್ಕೆ ಅವರು ಅದನ್ನು ಹಂದರ ಎಂದೇ ಕರೆದರು, ನಾನೂ ಕರೆದೆ. ಮುಂದೆ ಸಂದರ್ಶನಕ್ಕೆ ಬಂದ ಒಬ್ಬ ಸಾಹೇಬರು ಕಾರ್ಡು ಕೈಯಲ್ಲಿ ಹಿಡಿದು, "ಸರ್ಕಾರಿ ಸಾಮಗ್ರಿ ಮ್ಯಾಲ ಯಾರ್ ಗೀಚ್ಯಾರ?" ಎಂದು ಕೇಳಿದರು. ಮಕ್ಕಳು ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ಸತ್ಯವಂತರು, ನಾನೇ ಕಲಿಸಿದ್ದು. ಅವತ್ತಿನ ಸಂದರ್ಶನ ಪುಸ್ತಕದಲ್ಲಿ 'ಸಾಮಗ್ರಿ ನಿರ್ವಹಣೆ ಸುಧಾರಿಸಬೇಕು' ಎಂಬ ಒಂದು ಸಾಲು ಈಗಲೂ ಇದೆ.

ಎಚ್.ಡಿ. ಕೋಟೆಯ ಶಿಕ್ಷಕರು ಪೆನ್ಸಿಲ್ ಹಿಡಿದದ್ದರಿಂದ ಆ ಪದ್ಧತಿ ಹುಟ್ಟಿತು. ಅದು ನಮ್ಮ ತನಕ ಬರುವಷ್ಟರಲ್ಲಿ ಪೆನ್ಸಿಲ್ ಹಿಡಿಯುವುದು ತಪ್ಪಾಗಿತ್ತು. ಹೊಸ ಪಠ್ಯಕ್ರಮ ಬರೆಯುವವರು ನನ್ನ ಪತ್ರದಲ್ಲಿ ಬೇರೇನು ಓದದಿದ್ದರೂ ಈ ಒಂದು ಸಂಗತಿಯನ್ನು ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ಇನ್ನು ಗಂಟೆಗಳ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಎನ್ನುತ್ತದೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಪಠ್ಯಕ್ರಮ ಬರೆಯುವವರು ಈ ಗಂಟೆಗಳನ್ನು ನಂಬಿ ಬರೆಯುತ್ತಾರೆ. ಇಷ್ಟು ಪಾಠ, ಇಷ್ಟು ಕಲಿಕಾ ಫಲ, ಇಷ್ಟು ಚಟುವಟಿಕೆ. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ. ನನ್ನ ಶಾಲೆಯಲ್ಲಿ ಏಳು ತರಗತಿ, ಕೊನೆಯ ವರ್ಷ ನನ್ನನ್ನೂ ಸೇರಿಸಿ ಮೂವರು ಕಾಯಂ ಶಿಕ್ಷಕರು, ಒಬ್ಬ ಅತಿಥಿ ಶಿಕ್ಷಕ. ಅವನೂ ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ ಬಂದವನು. ನಾಲ್ಕು ಜನ ಏಳು ತರಗತಿಗೆ ಪಾಠ ಮಾಡುತ್ತಿದ್ದರೆ, ಯಾವ ಹೊತ್ತಿಗೂ ಮೂರು ತರಗತಿಯ ಮುಂದೆ ಯಾರೂ ಇರುವುದಿಲ್ಲ. ಮಗು ಕೋಣೆಯಲ್ಲಿ ಕೂತ ಗಂಟೆಯನ್ನು ನೀವು ಬೋಧನೆಯ ಗಂಟೆ ಎಂದು ಎಣಿಸುತ್ತೀರಿ. ಆ ಗಂಟೆಯ ಅರ್ಧ ಹೊತ್ತು ಅದು 'ಸದ್ದು ಮಾಡಬ್ಯಾಡ್ರಿ, ಕಾಪಿ ಬರೀರಿ' ಎಂಬ ಗಂಟೆ.

ಆ ನಾಲ್ವರಲ್ಲೂ ಒಬ್ಬರು ಮೊಟ್ಟೆ, ಹಾಲಿನ ಪುಡಿ, ಅಕ್ಕಿ, ಬೇಳೆಯ ಲೆಕ್ಕದಲ್ಲಿರುತ್ತಾರೆ. ನಮ್ಮ ಭಾಗದ ಮಕ್ಕಳಿಗೆ ಮೊಟ್ಟೆ ಬೇಕೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಮೊಟ್ಟೆ ಕೊಟ್ಟ ದಿನ ಹಾಜರಿ ಹೇಗಿರುತ್ತದೆ ಎಂದು ನನಗೆ ಗೊತ್ತು. ಆದರೆ ಮೊಟ್ಟೆ ಎಣಿಸುವುದಕ್ಕೆ ಒಬ್ಬ ಬಿ.ಎಡ್. ಆದ ಗಣಿತದ ಶಿಕ್ಷಕಿ ಬೇಕೇ ಎಂದು ಕೇಳುತ್ತೇನೆ. ಇನ್ನೊಬ್ಬರು ಬಿಎಲ್‌ಒ. ಮತದಾರರ ಪಟ್ಟಿ ಹಿಡಿದು ತಿರುಗುವ ಕೆಲಸ ಅದು. ಮತ್ತೊಬ್ಬರು ತರಬೇತಿಯಲ್ಲಿ. ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆ ಕಲಮನ್ನು ನಾನು ಒಮ್ಮೆ ಮೀಟಿಂಗಿನಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು, ಚಹಾ ಬಂತು.

ಹೋದ ವರ್ಷದ ದಸರಾ ನೆನಪಿರಬೇಕು. ಸೆಪ್ಟೆಂಬರ್ 22ಕ್ಕೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ಮುಗಿಯದೆ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಸಮೀಕ್ಷೆ ಬೇಕಾದದ್ದೇ. ನಮ್ಮಂಥ ಹಿಂದುಳಿದ ಭಾಗದವರ ಲೆಕ್ಕ ಯಾರಾದರೂ ಹಿಡಿಯಬೇಕಲ್ಲ. ನಾನು ಮನೆಮನೆಗೆ ಹೋದೆ, ಫೋನಿಗೆ ನೆಟ್‌ವರ್ಕ್ ಸಿಗಲೆಂದು ಮಾಳಿಗೆಯನ್ನೂ ಹತ್ತಿದೆ. ಆಮೇಲೆ ಹೆಚ್ಚುವರಿ ತರಗತಿ ಮಾಡಿ ಸರಿದೂಗಿಸಿ ಎಂದರು. ಸರಿದೂಗಿಸುವುದು ಯಾವಾಗ? ದೀಪಾವಳಿ ಆದ ಮೇಲೆ ನಮ್ಮ ಹೊಲಗಳಲ್ಲಿ ಹತ್ತಿ ಬಿಡಿಸುವುದು, ಆಮೇಲೆ ತೊಗರಿ ರಾಶಿ. ತಾಂಡಾದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಮುಂಬೈ ಪುಣೆಗೆ ಗಂಟು ಕಟ್ಟುತ್ತವೆ. ಎಳ್ಳಮವಾಸಿಗೆ ಒಂದು ದಿನ ರಜೆ ಕೊಟ್ಟರೆ ಮೂರು ದಿನ ಮಕ್ಕಳು ಹೊಲದಲ್ಲೇ. ಬೆಂಗಳೂರಿನ ಕ್ಯಾಲೆಂಡರಿನಲ್ಲಿ ನವೆಂಬರಿನಿಂದ ಫೆಬ್ರವರಿ ಎಂದರೆ ಪಾಠ ಭರದಿಂದ ಸಾಗುವ ಕಾಲ. ನಮ್ಮಲ್ಲಿ ಅದು ಬೆಂಚು ಖಾಲಿಯಾಗುವ ಕಾಲ. ಈಗ 2027ರ ಜನಗಣತಿ ಎದುರಿಗೆ ನಿಂತಿದೆ. ಹೊಸ ಪಠ್ಯಕ್ರಮವೂ ಅದೇ ವರ್ಷ ಬಂದರೆ ಎರಡನ್ನೂ ಹೊತ್ತುಕೊಂಡು ಓಡಾಡುವ ಮನುಷ್ಯ ಒಬ್ಬನೇ.

ಒಂದು ತಂಡದ ಮಕ್ಕಳ ಕಥೆ ಹೇಳಬೇಕು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯಕ್ಕೆ ಕೊನೆ, ಶೇ 42.43. ಮೊದಲನೆಯ ದಕ್ಷಿಣ ಕನ್ನಡ ಶೇ 91.12. ಅದರ ಹಿಂದಿನ ವರ್ಷ ಕೊನೆಯ ಸ್ಥಾನ ಯಾದಗಿರಿಯದು. ಫಲಿತಾಂಶ ಬಂದ ದಿನ ಟಿ.ವಿ.ಯಲ್ಲಿ ನಮ್ಮ ಜಿಲ್ಲೆಯ ಹೆಸರು ಬಂದಾಗ ಮನೆಯಲ್ಲಿ ನನ್ನ ಹೆಂಡತಿ ಚಾನೆಲ್ ಬದಲಿಸಿದಳು. ಅವತ್ತಿನಿಂದ ಶಿಕ್ಷಕರು ಸೋಮಾರಿಗಳು, ಪಾಲಕರಿಗೆ ಕಾಳಜಿ ಇಲ್ಲ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಒಂದಿಷ್ಟು ನಿಜವೂ ಇದೆ. ಆದರೆ ಆ ತಂಡ ನಡೆದು ಬಂದ ದಾರಿಯನ್ನು ಯಾರೂ ಹಿಂದಕ್ಕೆ ಹೋಗಿ ನೋಡಲಿಲ್ಲ. ನಾನು ನೋಡಿದೆ, ಯಾಕೆಂದರೆ ಅವರು ಏಳನೆಯವರೆಗೆ ನನ್ನಲ್ಲೇ ಓದಿದವರು.

ಅವರು ಒಂದನೇ ತರಗತಿಗೆ ಬಂದದ್ದು 2015ರಲ್ಲಿ. ಆರನೇ ತರಗತಿ 2020-21, ಶಾಲೆಗೆ ಬೀಗ. ಪಾಠ ಟಿ.ವಿ.ಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಇಲ್ಲವೇ ಎಲ್ಲೂ ಇಲ್ಲ. ಏಳನೆಯದು ಅರ್ಧಮರ್ಧ. ಎಂಟನೇ ತರಗತಿಗೆ ಹೋದಾಗ 2022-23, ಕಲಿಕಾ ಚೇತರಿಕೆಯ ವರ್ಷ. ಹಿಂದಿನದು ತುಂಬಿಕೊಡಿ ಎಂಬುದು ಆ ಕಾರ್ಯಕ್ರಮದ ಆತ್ಮ, ನನಗೆ ಬಹಳ ಹಿಡಿಸಿತ್ತು. ಅದೇ ವರ್ಷ ಪಠ್ಯಪುಸ್ತಕ ಪರಿಷ್ಕರಣೆಯ ಗದ್ದಲ. ಅದೇ ವರ್ಷದ ಕೊನೆಗೆ, 2023ರ ಮಾರ್ಚಿನಲ್ಲಿ, ಎಂಟನೆಯವರಿಗೆ ರಾಜ್ಯಮಟ್ಟದ ಪರೀಕ್ಷೆ, ಅದೂ ಕೋರ್ಟು ಹತ್ತಿ ಇಳಿದ ಮೇಲೆ. ವರ್ಷವಿಡೀ ನಾಲ್ಕನೆಯ ತರಗತಿಯ ಭಾಗಾಕಾರ ತುಂಬಿಕೊಡಿ ಎಂದವರು ಮಾರ್ಚಿನಲ್ಲಿ ಎಂಟನೆಯ ಬೀಜಗಣಿತ ಕೇಳಿದರು. ಒಂಬತ್ತನೆಯದು 2023-24. ಸರ್ಕಾರ ಬದಲಾಗಿತ್ತು, ಮುದ್ರಣವಾಗಿ ಕೈಗೆ ಬಂದ ಪುಸ್ತಕದಲ್ಲಿ ಈ ಪಾಠ ಬಿಡಿ, ಆ ಪಾಠ ಮಾಡಿ ಎಂದು ಪೂರಕ ಪುಸ್ತಿಕೆ ಬಂತು. ಆ ವರ್ಷದ ಕೊನೆಗೆ ಬೋರ್ಡ್ ಪರೀಕ್ಷೆ: ಹೈಕೋರ್ಟು, ಸುಪ್ರೀಂ ಕೋರ್ಟು, ನಡುವೆ ನಿಂತು ಮತ್ತೆ ಶುರುವಾದ ಪರೀಕ್ಷೆ, ಕೊನೆಗೆ ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ತಡೆ. ಹತ್ತನೆಯದಕ್ಕೆ ಬಂದಾಗ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರದ 'ಪಾಸಿಂಗ್ ಪ್ಯಾಕೇಜ್' ಕೈಗಿಟ್ಟು ಬಾಯಿಪಾಠ ಮಾಡಿ ಎಂದೆವು.

ಆ ತಂಡದ ಒಬ್ಬ ಹುಡುಗ ಈಗ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಎಳ್ಳಮವಾಸಿಗೆ ಊರಿಗೆ ಬಂದಿದ್ದ, ಭಜ್ಜಿ ಕಡಬು ತಂದುಕೊಟ್ಟ. "ಸರ್, ನಮಗ ಯಾವ ವರ್ಷನೂ ಪೂರಾ ಒಂದು ಪುಸ್ತಕ ಮುಗಿದಿಲ್ರಿ" ಎಂದ. ದೂರುವ ದನಿ ಇರಲಿಲ್ಲ, ಈ ಸಲ ಮಳೆ ಹೀಗಿತ್ತು ಎನ್ನುವ ಹಾಗೆ ಹೇಳಿದ.

ಈಗ ಭಾಷೆಯ ಮಾತು. 2025ರ ಆಗಸ್ಟಿನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಆಯೋಗ ಸರ್ಕಾರಕ್ಕೆ ಕೊಟ್ಟ ವರದಿ ಐದನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡ ಮಾಧ್ಯಮವಿರಲಿ ಎನ್ನುತ್ತದೆ. ಕೇಂದ್ರದ 2020ರ ನೀತಿಯೂ ಮನೆಮಾತಿನ ಬಗ್ಗೆ ಹೆಚ್ಚುಕಡಿಮೆ ಹೀಗೇ ಹೇಳಿತ್ತು. ಎರಡು ನೀತಿಗಳಿಗೂ ಜಗಳವಿರಬಹುದು, ಈ ಮಾತಿನಲ್ಲಿ ಜಗಳವಿಲ್ಲ. ನನಗೂ ಇಲ್ಲ. ಆದರೆ ನನ್ನ ಒಂದನೇ ತರಗತಿಗೆ ಬಂದು ನೋಡಿ. ಊರಿನ ಮಕ್ಕಳದು ನಮ್ಮ ಕಡೆಯ ಕನ್ನಡ. ತಾಂಡಾದ ಮಕ್ಕಳದು ಲಂಬಾಣಿ. ನಾಲ್ಕಾರು ಮಕ್ಕಳ ಮನೆಯಲ್ಲಿ ಉರ್ದು. ಗಡಿ ಹತ್ತಿರವಾದ್ದರಿಂದ ತೆಲುಗಿನ ಮನೆಗಳೂ ಇವೆ. ಬೀದರ್ ಕಡೆಯ ಔರಾದ್, ಭಾಲ್ಕಿಗೆ ಹೋದರೆ ಮರಾಠಿಯೂ ಸೇರುತ್ತದೆ.

ಮೂರು ವರ್ಷದ ಹಿಂದೆ ತಾಂಡಾದಿಂದ ಒಂದು ಹುಡುಗಿ ಬಂದಳು. ಎರಡು ತಿಂಗಳು ಬಾಯಿ ಬಿಡಲಿಲ್ಲ. ಮೂಗಿ ಇರಬೇಕು ಎಂದು ಅಡುಗೆಯವರು ಹೇಳತೊಡಗಿದರು. ಒಂದು ದಿನ 'ಅಮ್ಮ' ಎಂದು ಬರೆದ ಚಿತ್ರ ತೋರಿಸಿ ಇದು ಯಾರು ಎಂದು ಕೇಳುತ್ತಿದ್ದೆ. ಊರಿನ ಮಕ್ಕಳು 'ಅವ್ವ' ಎಂದರು. ಅಂದರೆ ಅವರೂ ಪುಸ್ತಕದ ಮಾತು ಹೇಳಲಿಲ್ಲ. ಹಿಂದಿನ ಸಾಲಿನಿಂದ ಸಣ್ಣ ದನಿ ಬಂತು: 'ಯಾಡಿ'. ಲಂಬಾಣಿಯಲ್ಲಿ ತಾಯಿಗೆ ಯಾಡಿ ಎನ್ನುತ್ತಾರೆ. ನಾನು ಹಲಗೆಯ ಮೇಲೆ ಮೂರನ್ನೂ ಬರೆದೆ: ಅಮ್ಮ, ಅವ್ವ, ಯಾಡಿ. ಅವಳು ಎದ್ದು ಬಂದು ಯಾಡಿಯ ಮೇಲೆ ಬೆರಳಾಡಿಸಿದಳು. ಬಳಪ ಕೈಗೆ ಕೊಟ್ಟೆ. ಮಧ್ಯಾಹ್ನದೊಳಗೆ ಶ್ಯಾಬಾದಿ ಪರಸಿಯ ನೆಲದ ತುಂಬ ಯಾಡಿ, ಯಾಡಿ, ಯಾಡಿ. 'ಯಾ' ತಿರುಗಿತ್ತು, 'ಡಿ'ಗೆ ಗುಡಿಸು ಹೆಚ್ಚಾಗಿತ್ತು, ಇರಲಿ. ಕಲಿಕಾ ಏಣಿಯ ಮೊದಲ ಗುಂಪಿನ ಅಕ್ಷರಗಳಲ್ಲಿ ಯ ಇಲ್ಲ, ಡ ಇಲ್ಲ, ಗುಣಿತಾಕ್ಷರಕ್ಕೆ ಇನ್ನೂ ದೂರ. ನಿಯಮದ ಪ್ರಕಾರ ಅವಳು ತನ್ನ ತಾಯಿಯನ್ನು ಬರೆಯಲು ತಿಂಗಳುಗಟ್ಟಲೆ ಕಾಯಬೇಕಿತ್ತು.

ಮಾತೃಭಾಷೆ ಎಂದು ನೀವು ಬರೆದಾಗ ಈ ಹುಡುಗಿ ಅದರೊಳಗೆ ಬರುತ್ತಾಳೋ ಇಲ್ಲವೋ? ಲಂಬಾಣಿ ಮಾಧ್ಯಮ ಶಾಲೆ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ, ಅವಳ ತಂದೆಯೂ ಕೇಳುವುದಿಲ್ಲ. ಅವನು ಕೇಳುವುದು ಇಂಗ್ಲಿಷು. 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂತು, ಈಗ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಸರ್ಕಾರಿ ಶಾಲೆಗಳಿಗೆ ಬಂದಿವೆ. ಒಂದು ಆದೇಶ ಮನೆಮಾತಿನಲ್ಲಿ ಕಲಿಸು ಎನ್ನುತ್ತದೆ, ಇನ್ನೊಂದು ಇಂಗ್ಲಿಷಿನಲ್ಲಿ ಗಣಿತ ಕಲಿಸು ಎನ್ನುತ್ತದೆ. ಎರಡೂ ಒಂದೇ ಲಕೋಟೆಯಲ್ಲಿ ಒಬ್ಬರೇ ಶಿಕ್ಷಕಿಗೆ ತಲುಪುತ್ತವೆ. ಆಕೆ ಡಿ.ಎಡ್.ವರೆಗೂ ಕನ್ನಡದಲ್ಲೇ ಓದಿದವಳು. ಪಾಲಕರನ್ನು ನಾನು ದೂರುವುದಿಲ್ಲ. ಇಂಗ್ಲಿಷ್ ಕಲಿತವರ ಮನೆಗೆ ಕಲ್ಲಿನ ಮಾಳಿಗೆ ಎದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ನನ್ನ ತಕರಾರು ಬರೆಯುವವರ ಜೊತೆ. ಎರಡರಲ್ಲಿ ಯಾವುದು ಯಾವಾಗ, ಎಷ್ಟು, ಯಾರಿಂದ ಎಂದು ನೀವೇ ಕೂತು ತೀರ್ಮಾನ ಮಾಡಿ. ತರಗತಿಯ ಬಾಗಿಲಿಗೆ ತಂದು ಬಿಟ್ಟು ಹೋಗಬೇಡಿ.

ಮೌಲ್ಯಮಾಪನದ ಬಗ್ಗೆ ಬರೆಯುವ ಮೊದಲು ಒಂದು ತಪ್ಪೊಪ್ಪಿಗೆ. ನಾನು ಸುಳ್ಳು ಬರೆದಿದ್ದೇನೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವಿನ) ಮೌಲ್ಯಮಾಪನ, ಎರಡು ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನ, ಅದರ ಜೊತೆ ಪಾಠಕ್ಕೊಂದು ಪರೀಕ್ಷೆ, ಪ್ರತಿ ಮಗುವಿನ ಪ್ರತಿ ಅಂಕ ಆನ್‌ಲೈನಿಗೆ. ಸಂಜೆ ಐದಕ್ಕೆ 'ಇಂದೇ ಕೊನೆಯ ದಿನ' ಎಂದು ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬರುತ್ತದೆ, ಕೆಳಗೆ ಬಾಕಿ ಉಳಿಸಿದ ಶಾಲೆಗಳ ಪಟ್ಟಿ, ನಮ್ಮ ಹೆಸರು ಕೆಂಪು ಬಣ್ಣದಲ್ಲಿ. ಕರೆಂಟು ಇಲ್ಲ, ನೆಟ್‌ವರ್ಕ್ ಇಲ್ಲ. ಬೈಕು ಹತ್ತಿ ಏರಿನ ಮೇಲಿನ ಬೇವಿನ ಗಿಡದ ಕೆಳಗೆ ನಿಂತು ಅಂಕ ತುಂಬಿದ್ದೇನೆ. ಮಹಾರಾಷ್ಟ್ರದ ಕಬ್ಬಿನ ಗದ್ದೆಯಲ್ಲಿದ್ದ ಹುಡುಗನಿಗೂ ಹತ್ತಕ್ಕೆ ಆರು ಕೊಟ್ಟಿದ್ದೇನೆ. ಸೊನ್ನೆ ಕೊಟ್ಟರೆ ಯಾಕೆ ಎಂದು ವಿವರಣೆ ಕೇಳುತ್ತಾರೆ, ಆರು ಕೊಟ್ಟರೆ ಯಾರೂ ಕೇಳುವುದಿಲ್ಲ. ಆ ಆರು ಬೆಂಗಳೂರಿಗೆ ಹೋಗಿ ಒಂದು ಗ್ರಾಫ್ ಆಗಿರುತ್ತದೆ, ಆ ಗ್ರಾಫ್ ನೋಡಿ ನೀವು ಮುಂದಿನ ನೀತಿ ಬರೆಯುತ್ತೀರಿ. ನನ್ನ ಸುಳ್ಳಿನ ಮೇಲೆ ಕಟ್ಟಿದ ಮಾಡಿನ ಕೆಳಗೆ ನನ್ನದೇ ಮಕ್ಕಳು ಕೂರಬೇಕು. ಇದನ್ನು ಬರೆಯಲು ನಿವೃತ್ತಿಯವರೆಗೆ ಕಾದೆ, ಆ ಧೈರ್ಯದ ಕೊರತೆಯೂ ನನ್ನದೇ.

ಪಾಠವಾದ ಮೇಲೆ ಮಗುವಿಗೆ ತಿಳಿಯಿತೇ ಎಂದು ನೋಡುವುದು ಶಿಕ್ಷಕನ ಧರ್ಮ, ಪಾಠ ಆಧಾರಿತ ಮೌಲ್ಯಾಂಕನದ ಮೂಲ ಯೋಚನೆ ತಪ್ಪಲ್ಲ. ತಿಳಿಯದಿದ್ದರೆ ಮತ್ತೆ ಕಲಿಸಲು ದಿನ ಎಲ್ಲಿದೆ ಎಂಬುದು ಯಾರ ಕೈಪಿಡಿಯಲ್ಲೂ ಇಲ್ಲ. ಅಂಕ ತುಂಬುವುದಕ್ಕೆ ಗಡುವಿದೆ, ಮತ್ತೆ ಕಲಿಸುವುದಕ್ಕೆ ಪಿರಿಯಡ್ ಇಲ್ಲ.

ಹಾಗಾದರೆ ಏನು ಬೇಕು ಎಂದು ಕೇಳುತ್ತೀರಿ. ದುಡ್ಡು ಎಂದು ಹೇಳುವುದು ಸುಲಭ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಕೋಣೆಗಳು ಎದ್ದಿವೆ, ಅದನ್ನು ಮರೆತರೆ ಕೃತಘ್ನನಾಗುತ್ತೇನೆ. ಹೊಸ ಕೋಣೆಗೆ ಬಣ್ಣ ಬಳಿದಾಗ ಒಳಗೆ ನಿಲ್ಲುವ ಶಿಕ್ಷಕರ ಹುದ್ದೆಯೂ ತುಂಬಬೇಕಿತ್ತು, ಅದು ಮೊದಲ ಮಾತು. ಎರಡನೆಯದು, ಹೊಸ ಪಠ್ಯಕ್ರಮ ತರುವ ಮೊದಲು ಹಳೆಯ ಕಾರ್ಯಕ್ರಮಗಳಲ್ಲಿ ಯಾವುದು ಮುಗಿಯಿತು ಎಂದು ಆದೇಶ ಹೊರಡಿಸಿ. ಹೊಸದೊಂದು ಬಂದರೆ ಹಳೆಯ ಎರಡು ಹೋಗಲಿ. ಹೋಗುವ ಮೊದಲು ಅದನ್ನು ಮಾಡಿದವರನ್ನು ಕೂರಿಸಿ ಕೇಳಿ. ಚೇತರಿಕೆಯ ಹಾಳೆ ಯಾಕೆ ಅರ್ಧ ಖಾಲಿ ಉಳಿಯಿತು ಎಂದು ಕೇಳಿದ್ದರೆ ಮರುಸಿಂಚನವನ್ನು ಬೇರೆ ಥರ ಬರೆಯುತ್ತಿದ್ದಿರಿ.

ಪುಸ್ತಕ ಬರೆದ ಮೇಲೆ ಪ್ರಯೋಗ ಮಾಡಿ ನೋಡಲೆಂದು ಅನುಕೂಲದ ಶಾಲೆಗಳನ್ನೇ ಆರಿಸಿಕೊಳ್ಳಬೇಡಿ. ಔರಾದ್‌ನಲ್ಲಿ, ಚಿಂಚೋಳಿಯ ತಾಂಡಾದಲ್ಲಿ, ಯಾದಗಿರಿಯ ಗುರುಮಠಕಲ್‌ನಲ್ಲಿ ಎರಡು ವರ್ಷ ನಡೆಸಿ ನೋಡಿ. ಮೂವರು ಶಿಕ್ಷಕರ ಶಾಲೆಯಲ್ಲಿ, ಹತ್ತಿ ಬಿಡಿಸುವ ತಿಂಗಳಲ್ಲಿ ನಿಂತ ಪಠ್ಯಕ್ರಮ ಮೈಸೂರಿನಲ್ಲೂ ನಿಲ್ಲುತ್ತದೆ. ನಮ್ಮ ಗಂಟೆಗಳನ್ನು ನಿಜವಾಗಿ ಎಣಿಸಿ, ಎಂಟುನೂರರಲ್ಲಿ ಐದುನೂರು ಸಿಕ್ಕರೆ ಐದುನೂರಕ್ಕೇ ಬರೆಯಿರಿ. ಕಡಿಮೆ ಪಾಠವಾದರೂ ಪುಸ್ತಕ ಮುಗಿಯಲಿ. ವಲಸೆ ಹೋಗುವ ಮಕ್ಕಳಿಗೆ ಹೋಗುವಾಗ ಕೈಗೆ ಕೊಡಲು ತೆಳ್ಳನೆಯ ಒಂದು ಪುಸ್ತಕ ಮಾಡಿ, ಬಂದಾಗ ಎಲ್ಲಿಂದ ಹಿಡಿಯಬೇಕು ಎಂದು ಅದರಲ್ಲೇ ಇರಲಿ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯನ್ನು ನಮಗೆ ಮರಳಿ ಕೊಡಿ. ಒಂದು ಕಾಲಕ್ಕೆ ಅಲ್ಲಿ ಭಿನ್ನರಾಶಿ ಹೇಗೆ ಕಲಿಸುವುದು ಎಂದು ರೊಟ್ಟಿ ಮುರಿದು ಮಾತಾಡುತ್ತಿದ್ದೆವು, ಈಗ ಮಾಹಿತಿ ನಮೂನೆ ತುಂಬಿ ಎದ್ದು ಬರುತ್ತೇವೆ. ಮತ್ತು ಶಿಕ್ಷಕರ ಕೈಪಿಡಿಯಲ್ಲಿ ಪ್ರತಿ ಪಾಠದ ಕೆಳಗೆ ಅರ್ಧ ಪುಟ ಖಾಲಿ ಬಿಡಿ, 'ನಿಮ್ಮ ಊರಿನಲ್ಲಿ ಇದಕ್ಕೆ ಏನೆನ್ನುತ್ತಾರೆ?' ಎಂದು ಕೇಳಿ. ಖರ್ಚು ಹೆಚ್ಚೇನಿಲ್ಲ, ಕಾಗದ ಮತ್ತು ಪೆನ್ಸಿಲ್ಲು.

ಬರುವುದಾದರೆ ಒಮ್ಮೆ ನಮ್ಮ ಶಾಲೆಗೆ ಬನ್ನಿ. ತಿಳಿಸದೆ ಬನ್ನಿ. ತಿಳಿಸಿದರೆ ಹಿಂದಿನ ರಾತ್ರಿಯೇ ಗೋಡೆಯ ಹವಾಮಾನ ನಕ್ಷೆ ಹೊಸದಾಗುತ್ತದೆ. ಹಳೆಯದನ್ನೇ ನೀವು ನೋಡಬೇಕು. ಫೆಬ್ರವರಿಯಿಂದ ಜೂನ್‌ವರೆಗೆ ಎಲ್ಲ ಚೌಕದಲ್ಲೂ ಮಕ್ಕಳು ಬರೀ ಸೂರ್ಯನನ್ನೇ ಬರೆದಿದ್ದಾರೆ, ಹಳದಿ ಬಣ್ಣ ಮುಗಿದ ಮೇಲೆ ಕೆಂಪಿನಲ್ಲಿ. ಯಾಡಿ ಬರೆದ ಹುಡುಗಿ ಈಗ ಮೂರನೆಯ ತರಗತಿ. ಅವಳ ಯಾಡಿ ಕಬ್ಬು ಕಡಿಯಲು ಹೋಗಿದ್ದಾಳೆ, ಇವಳು ಅಜ್ಜಿಯ ಹತ್ತಿರ ಉಳಿದಿದ್ದಾಳೆ, ಶಾಲೆಗೆ ಬರುತ್ತಾಳೆ. ಈಗ ಮಾತಾಡಲು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ.

ಇಂತಿ,
ಒಬ್ಬ ನಿವೃತ್ತ ಮುಖ್ಯಗುರು
ಕಲಬುರಗಿ ಜಿಲ್ಲೆ

ವಿ.ಸೂ.: ಅಲ್ಮಾರಿಯನ್ನು ಖಾಲಿ ಮಾಡಲು ಆಗಲಿಲ್ಲ. ರದ್ದತಿ ಆದೇಶವಿಲ್ಲದೆ ಯಾವುದನ್ನೂ ರದ್ದಿಗೆ ಹಾಕುವಂತಿಲ್ಲ ಎಂದರು. ದಾಸ್ತಾನು ಪುಸ್ತಕದಲ್ಲಿ ಎಲ್ಲವೂ 'ಇದೆ, ಚಾಲ್ತಿಯಲ್ಲಿದೆ' ಎಂದೇ ಸಹಿ ಮಾಡಿ ಬೀಗದ ಕೈ ಕೊಟ್ಟು ಬಂದಿದ್ದೇನೆ. ಮೇಲಿನ ಅರೆಯಲ್ಲಿ ನಾಲ್ಕು ಬೆರಳಷ್ಟು ಜಾಗ ಮಾತ್ರ ಉಳಿದಿದೆ.